ಕಡಲಿನ ಪ್ರಶ್ನೆ, ಬೋಸನ್ ಉತ್ತರ: ಅವರ ನೌಕಾ ಹಬ್ಬದಲ್ಲಿ ನಾವು ಎಲ್ಲಿ ನಿಲ್ಲಬೇಕು?

ಪ್ರಶ್ನೆ: ಬೋಸನ್ ಅಣ್ಣನಿಗೆ ನಮಸ್ಕಾರ. ನಾನು ನಿವೃತ್ತ ಪ್ರಾಥಮಿಕ ಶಾಲೆ ಟೀಚರ್. ಮಗ, ಸೊಸೆ ಚಿಲಿ ದೇಶದ ಸಾಂತಿಯಾಗೊದಲ್ಲಿ ಇದ್ದಾರೆ. ಈ ಸಲ ಮೇ ತಿಂಗಳು ಪೂರ್ತಿ ನಾನೂ ನಮ್ಮ ಯಜಮಾನರೂ ಅಲ್ಲೇ ಇರುತ್ತೇವೆ. ಮೇ 21ಕ್ಕೆ ಅಲ್ಲಿ ನೌಕಾಪಡೆಯ ಹಬ್ಬವಂತೆ, ಇಡೀ ದೇಶಕ್ಕೆ ರಜೆಯಂತೆ. ವಾಲ್ಪರೈಸೊ ಬಂದರಿನಲ್ಲಿ ಪರೇಡ್ ಇರುತ್ತದೆ, ಕರೆದುಕೊಂಡು ಹೋಗುತ್ತೇನೆ ಎಂದು ಮಗ ಹೇಳಿದ್ದಾನೆ. ನನಗೊಂದು ಅಳುಕು. ಅದು ಅವರು ಪಕ್ಕದ ದೇಶದ ಜೊತೆ ಮಾಡಿದ ಯುದ್ಧದ ನೆನಪು. ನಮಗೂ ಅದಕ್ಕೂ ಏನು ಸಂಬಂಧ? ಸುಮ್ನೆ ತಮಾಷೆ ನೋಡಲು ಹೋದ ಹಾಗೆ ಆಗುವುದಿಲ್ಲವೇ? ಚಪ್ಪಾಳೆ ಹೊಡೆದರೆ ತಪ್ಪಾ, ಹೊಡೆಯದಿದ್ದರೆ ತಪ್ಪಾ?
— ಓದುಗರು, ಕಲ್ಯಾಣಪುರ

ಉತ್ತರ: ಹೋಗಿ ಟೀಚರೇ. ಖಂಡಿತ ಹೋಗಿ. ಆದರೆ ಅದು ಯಾವುದರ ಹಬ್ಬ ಎಂದು ತಿಳಿದುಕೊಂಡು ಹೋಗಿ. ಆಗ ಚಪ್ಪಾಳೆಯ ಪ್ರಶ್ನೆಯೇ ನಿಮಗೆ ಬೇರೆ ಥರ ಕಾಣುತ್ತದೆ.

ನಾನು ಆ ಪರೇಡ್ ನೋಡಿದ್ದೇನೆ. 2018ರ ಮೇ 21, ಸೋಮವಾರ. ನಾನು ಸರಕು ಹಡಗಿನ ಬೋಸನ್, ಅಂದರೆ ಡೆಕ್ ಕೆಲಸದವರ ಮೇಸ್ತ್ರಿ. ನಿವೃತ್ತಿಗೆ ಒಂದು ವರ್ಷ ಬಾಕಿ ಇತ್ತು. ನಮ್ಮ ಹಡಗು ಎರಡು ದಿನದಿಂದ ವಾಲ್ಪರೈಸೊ ದಕ್ಕೆಯಲ್ಲಿ ಕಟ್ಟಿತ್ತು. ಮಧ್ಯಾಹ್ನದವರೆಗೆ ಶೋರ್ ಲೀವ್, ಅಂದರೆ ದಡಕ್ಕೆ ಇಳಿಯಲು ರಜೆ, ಸಿಕ್ಕಿತು. ನನ್ನ ಜೊತೆ ಇಂಜಿನ್ ರೂಮಿನಲ್ಲಿ ಯಂತ್ರಗಳಿಗೆ ಎಣ್ಣೆ ಹಾಕುವ ಆಯಿಲರ್ ಒಬ್ಬ ಬಂದ. ಅವನು ಪೆರು ದೇಶದವನು, ಕಯ್ಯಾವೊ ಬಂದರಿನವನು. ಅವನು ಬಂದದ್ದೇ ನನ್ನ ಪುಣ್ಯ. ಯಾಕೆಂದರೆ ಚಿಲಿಯವರು ನೆನಪು ಮಾಡುವ ಆ ಯುದ್ಧ ಪೆರುವಿನ ಮೇಲೆ ನಡೆದದ್ದು.

ನಮ್ಮಲ್ಲಿ ಮೇ ಅಂದರೆ ಸೆಕೆ, ಮಾವು, ಹಲಸು. ಅಲ್ಲಿ ಚಳಿಗಾಲದ ಬಾಗಿಲು. ಕಡಲಿನಿಂದ ಬರುವ ಗಾಳಿ ಕಿವಿ ಕೊಯ್ಯುತ್ತದೆ. ಊರು ಇರುವುದು ಗುಡ್ಡಗಳ ಮೇಲೆ. ಮನೆಗಳು ಒಂದರ ಹೆಗಲ ಮೇಲೆ ಒಂದು ಕೂತ ಹಾಗೆ ಕಾಣುತ್ತವೆ. ಗುಡ್ಡ ಹತ್ತಲು ಹಳಿ ಮೇಲೆ ಎಳೆದುಕೊಂಡು ಹೋಗುವ ಪೆಟ್ಟಿಗೆಗಳುಂಟು, ಅಸೆನ್ಸೋರ್ ಅನ್ನುತ್ತಾರೆ. ಮೊದಲನೆಯದು 1883ರಲ್ಲಿ ಶುರುವಾಯಿತು. ಕೆಳಗೆ ಬಂದರಿಗೆ ತಾಗಿ ಪ್ಲಾಸಾ ಸೊತೊಮಯೊರ್ ಎಂಬ ದೊಡ್ಡ ಚೌಕ. ಒಂದು ಬದಿಗೆ ನೌಕಾಪಡೆಯ ಕಚೇರಿ, ಇನ್ನೊಂದು ಬದಿಗೆ ಕಡಲು, ನಡುವೆ ಒಂದು ಸ್ಮಾರಕ. ಸ್ಮಾರಕದ ತುದಿಯಲ್ಲಿ ಒಬ್ಬ ಕ್ಯಾಪ್ಟನ್ ನಿಂತಿದ್ದಾನೆ. ಹೆಸರು ಆರ್ತುರೊ ಪ್ರಾತ್. ಅವನ ಮುಖವೇ ಚಿಲಿಯ 10,000 ಪೆಸೊ ನೋಟಿನ ಮೇಲೂ ಇದೆ. ಅವನೂ ಅವನ ಸಂಗಡಿಗರೂ ಆ ಸ್ಮಾರಕದ ಕೆಳಗೆ, ನೆಲಮಾಳಿಗೆಯಲ್ಲಿ ಮಲಗಿದ್ದಾರೆ. ಅಂದರೆ ಟೀಚರೇ, ಪರೇಡ್ ನಡೆಯುವುದು ಒಂದು ಸಮಾಧಿಯ ಎದುರು. ಇದು ಮೊದಲ ಮಾತು.

ಎರಡನೆಯ ಮಾತು ಇನ್ನೂ ದೊಡ್ಡದು. ಆ ದಿನ ಅವರು ಗೆದ್ದದ್ದಲ್ಲ. ಅವರ ಹಡಗು ಮುಳುಗಿದ ದಿನ ಅದು.

ನಡೆದದ್ದು ಹೀಗೆ. ಅಟಕಾಮಾ ಮರುಭೂಮಿಯಲ್ಲಿ ನೈಟ್ರೇಟ್ ಸಿಗುತ್ತಿತ್ತು, ನಮ್ಮ ಪೆಟ್ಲುಪ್ಪಿನ ಜಾತಿಯದು. ಗೊಬ್ಬರಕ್ಕೂ ಬೇಕು, ಮದ್ದುಗುಂಡಿಗೂ ಬೇಕು. ಅದರ ಮೇಲೆ ಬೊಲಿವಿಯಾ ಹಾಕಿದ ತೆರಿಗೆಯಿಂದ ಜಗಳ ಶುರುವಾಗಿ 1879ರಲ್ಲಿ ಯುದ್ಧವೇ ಆಯಿತು. ಒಂದು ಕಡೆ ಚಿಲಿ, ಇನ್ನೊಂದು ಕಡೆ ಪೆರು ಮತ್ತು ಬೊಲಿವಿಯಾ. ಇಕಿಕೆ ಆಗ ಪೆರುವಿನ ಬಂದರು. ಚಿಲಿಯವರು ಅದಕ್ಕೆ ದಿಗ್ಬಂಧನ ಹಾಕಿದ್ದರು. ಯಾವ ಹಡಗೂ ಒಳಗೆ ಹೊರಗೆ ಹೋಗದ ಹಾಗೆ ಕಾಯಲು ಎರಡು ಹಳೇ ಹಡಗು ಬಿಟ್ಟು, ಒಳ್ಳೆಯ ಹಡಗುಗಳನ್ನೆಲ್ಲ ಉತ್ತರಕ್ಕೆ ಕಳುಹಿಸಿದ್ದರು. ಬಿಟ್ಟ ಹಡಗುಗಳಲ್ಲಿ ಒಂದು ಎಸ್ಮೆರಾಲ್ಡಾ. ಮರದ ಹಡಗು, ಸುಮಾರು 200 ಜನ. ಕ್ಯಾಪ್ಟನ್ ಪ್ರಾತ್, ವಯಸ್ಸು 31.

ಮೇ 21ರ ಬೆಳಿಗ್ಗೆ ಪೆರುವಿನ ಹುವಾಸ್ಕರ್ ಬಂತು. 1865ರಲ್ಲಿ ಇಂಗ್ಲೆಂಡಿನಲ್ಲಿ ಕಟ್ಟಿದ, ಕಬ್ಬಿಣದ ಕವಚದ ಹಡಗು. ಎಸ್ಮೆರಾಲ್ಡಾದ ಗುಂಡು ಅದಕ್ಕೆ ತಾಗಿ ಬೀಳುತ್ತಿತ್ತು, ಅಷ್ಟೆ. ಹುವಾಸ್ಕರ್ ಕೊನೆಗೆ ತನ್ನ ಮೂತಿಯಿಂದಲೇ ಗುದ್ದಿತು. ಗುದ್ದಿದ ಹೊತ್ತಿಗೆ ಎರಡೂ ಹಡಗು ತಾಗಿಕೊಂಡಿದ್ದವು. ಪ್ರಾತ್ ಕತ್ತಿ ಹಿಡಿದು ವೈರಿ ಹಡಗಿನ ಮೇಲೆ ಹಾರಿದ. ಅವನ ಹಿಂದೆ ಹಾರಲು ಆದದ್ದು ಬೆರಳೆಣಿಕೆ ಜನಕ್ಕೆ. ಆ ಡೆಕ್ಕಿನ ಮೇಲೆಯೇ ಸತ್ತ. ಹುವಾಸ್ಕರ್ ಮತ್ತೆರಡು ಸಲ ಗುದ್ದಿತು. ಮಧ್ಯಾಹ್ನ 12:10ಕ್ಕೆ ಎಸ್ಮೆರಾಲ್ಡಾ ಮುಳುಗಿತು, ಬಾವುಟ ಮೇಲೆಯೇ ಇತ್ತು.

ನಾನು ಮೂವತ್ತು ವರ್ಷ ಡೆಕ್ಕಿನ ಮೇಲೆ ಬದುಕಿದವನು. ಬೇರೆ ಹಡಗಿಗೆ ಹಾರುವುದು ಅಂದರೆ ಏನೆಂದು ಕಾಲಿಗೇ ಗೊತ್ತು. ಎರಡು ಹಡಗು ಅಲೆಗೆ ಏರಿಳಿಯುತ್ತಾ ಇದ್ದರೆ ನಡುವಿನ ಸಂದು ಒಂದು ಕ್ಷಣ ಗೇಣು, ಮರುಕ್ಷಣ ಮಾರು. ಶಾಂತ ಬಂದರಿನಲ್ಲಿ ಏಣಿ ಇದ್ದರೂ ನಾವು ಹುಡುಗರಿಗೆ ಬೈದು ಬೈದು ಕಲಿಸುತ್ತೇವೆ.

ಪರೇಡ್ ಬಗ್ಗೆ ಹೇಳಬೇಕಲ್ವಾ. ಬ್ಯಾಂಡ್, ನಾವಿಕರ ಸಾಲು, ಕೆಡೆಟ್‌ಗಳ ಸಾಲು. ಎಲ್ಲ ದೇಶದಲ್ಲೂ ಇರುವಂಥದ್ದೇ. ನನ್ನ ಕಣ್ಣು ನಿಂತದ್ದು ಒಬ್ಬ ಕಹಳೆ ಹುಡುಗನ ಮೇಲೆ. ಹದಿನೆಂಟು ಹತ್ತೊಂಬತ್ತು ಇರಬಹುದು. ನಮ್ಮಿಂದ ನಾಲ್ಕು ಮಾರು ದೂರ, ಸಾಲು ಹೊರಡುವುದನ್ನು ಕಾಯುತ್ತಾ ನಿಂತಿದ್ದ. ಚಳಿಗೆ ತುಟಿ ಒಡೆದಿತ್ತು. ಕಹಳೆಯ ಬಾಯಿಯನ್ನು ತೋಳಿಗೆ ಒರೆಸಿದ. ಅದರೊಳಗೆ ಬಿಸಿ ಉಸಿರು ಬಿಟ್ಟ. ನಾಲಿಗೆಯಿಂದ ತುಟಿ ಒದ್ದೆ ಮಾಡಿದ, ಮತ್ತೆ ಒರೆಸಿದ. ನಾಲ್ಕೈದು ಸಲ ಇದೇ. ತಣ್ಣಗಿನ ಹಿತ್ತಾಳೆ ಒಡೆದ ತುಟಿಗೆ ತಾಗಿದರೆ ಹೇಗೆ ಉರಿಯುತ್ತದೆ ನೋಡಿ. ಆಯಿಲರ್ ನನ್ನ ಕಿವಿಯಲ್ಲಿ ಹೇಳಿದ: "ಎಸ್ಮೆರಾಲ್ಡಾದ ಕಹಳೆಯವನೂ ಅವತ್ತು ಸತ್ತ." ಆಮೇಲೆ ಈ ಹುಡುಗ ಊದಿದ. ಒಂದು ಸ್ವರವೂ ಬಿರಿಯಲಿಲ್ಲ.

ನೀವು ಕೇಳಿದ್ದನ್ನೇ ನಾನು ಆಯಿಲರ್‌ನಿಗೆ ಕೇಳಿದೆ. ಇಲ್ಲಿ ನಿಲ್ಲಲು ನಿನಗೆ ಬೇಜಾರಾಗುವುದಿಲ್ಲವಾ? ಅವನು ಉತ್ತರ ಕೊಡುವ ಬದಲು ಒಂದು ಪಟ್ಟಿ ಹೇಳಲು ಶುರು ಮಾಡಿದ, ಬೆರಳು ಮಡಿಚುತ್ತಾ, ಮಗ್ಗಿ ಒಪ್ಪಿಸುವ ಹಾಗೆ. ಶಾಲೆಯಲ್ಲಿ ಕಲಿತದ್ದಂತೆ.

ಹುವಾಸ್ಕರ್‌ನ ಕ್ಯಾಪ್ಟನ್ ಮಿಗೆಲ್ ಗ್ರಾವ್. ಎಸ್ಮೆರಾಲ್ಡಾ ಮುಳುಗಿದ ಕೂಡಲೇ ಅವನು ದೋಣಿ ಇಳಿಸಿ, ನೀರಿನಲ್ಲಿದ್ದ ವೈರಿಗಳನ್ನು ಎತ್ತಿಸಿದ. ಐವತ್ತಕ್ಕೂ ಜಾಸ್ತಿ ಜನ ಬದುಕಿದರು. ಹನ್ನೆರಡು ದಿನ ಬಿಟ್ಟು, ಜೂನ್ 2ಕ್ಕೆ, ಹುವಾಸ್ಕರ್ ಮೇಲಿಂದಲೇ ಪ್ರಾತ್‌ನ ಹೆಂಡತಿ ಕಾರ್ಮೆಲಾ ಕಾರ್ವಹಾಲ್‌ಗೆ ಒಂದು ಪತ್ರ ಬರೆದ. ನಿಮ್ಮ ಗಂಡ ಧೈರ್ಯದಿಂದ ಸತ್ತರು, ಅವರ ಮೈಮೇಲಿದ್ದ ವಸ್ತುಗಳನ್ನು ಕಳುಹಿಸುತ್ತಿದ್ದೇನೆ ಎಂದು. ಜೊತೆಗೆ ಪಟ್ಟಿ. ಒಂದು ಕತ್ತಿ. ಮದುವೆಯ ಚಿನ್ನದ ಉಂಗುರ. ಚಿಪ್ಪಿನ ಕಫ್‌ಲಿಂಕ್ ಒಂದು ಜೊತೆ, ಅಂಗಿಯ ಎದೆಗೆ ಹಾಕುವ ಚಿಪ್ಪಿನ ಗುಂಡಿ ಎರಡು. ಹೆಂಡತಿಯ ಫೋಟೊ ಮೂರು. ಇನ್ನೆರಡು ಫೋಟೊ, ಬಹುಶಃ ಮಕ್ಕಳದ್ದು. ಕೈಗವಸು ಒಂದು ಜೊತೆ. ಬಿಳಿ ಕರವಸ್ತ್ರ ಒಂದು. ಟಿಪ್ಪಣಿ ಪುಸ್ತಕ ಒಂದು. ಮುಚ್ಚಿದ ಕಾಗದ ಒಂದು.

"ಬಹುಶಃ ಮಕ್ಕಳದ್ದು." ಗ್ರಾವ್ ಆ ಫೋಟೊಗಳನ್ನು ಕೈಯಲ್ಲಿ ಹಿಡಿದು ನೋಡಿದ್ದಾನೆ ಅಲ್ವಾ? ಆ ಕಾಗದ ಮುಚ್ಚಿದ್ದು ಮುಚ್ಚಿದ ಹಾಗೇ ಹೋಯಿತು.

ಇಲ್ಲಿ ನನ್ನ ಮನೆಯ ಒಂದು ಮಾತು ಹೇಳಲೇಬೇಕು. ನನಗೆ ಎಂಟು ವರ್ಷ ಇದ್ದಾಗ ನನ್ನ ಸೋದರಮಾವ ಮಂಜಿಯಲ್ಲಿ ಕೆಲಸಕ್ಕಿದ್ದರು. ಮಂಗಳೂರು ಬಂದರಿನಿಂದ ಲಕ್ಷದ್ವೀಪಕ್ಕೆ ಅಕ್ಕಿ, ಹಂಚು, ತರಕಾರಿ ಒಯ್ಯುವ ಮಂಜಿ. ಒಂದು ರಾತ್ರಿ ಹಾಯಿ ಬದಲಿಸುವಾಗ ಕಡಲಿಗೆ ಬಿದ್ದರು. ಸಿಗಲಿಲ್ಲ. ಮಂಜಿ ವಾಪಸು ಬಂದ ದಿನ ಅದನ್ನು ನಡೆಸುವ ತಂಡೇಲರು ತಾವೇ ನಮ್ಮ ಮನೆಗೆ ಬಂದರು. ಬೇರೆ ಯಾರನ್ನೂ ಕಳುಹಿಸಲಿಲ್ಲ. ಜಗಲಿಯಲ್ಲಿ ಚಾಪೆ ಹಾಕಿದರೂ ಕೂರಲಿಲ್ಲ. ಅಜ್ಜಿಯ ಎದುರು ಒಂದು ತಗಡಿನ ಪೆಟ್ಟಿಗೆ ತೆರೆದು, ಒಂದೊಂದನ್ನೇ ಹೊರಗೆ ಇಟ್ಟು, ಹೆಸರು ಹೇಳಿ ಹೇಳಿ ಎಣಿಸಿದರು. ಅಂಗಿ ಎರಡು. ಲುಂಗಿ ಒಂದು. ಹಣಿಗೆ. ಅರ್ಧ ಸವೆದ ಸಾಬೂನು. ಹದಿನಾಲ್ಕು ರೂಪಾಯಿ. ಸಾಬೂನನ್ನೂ ಯಾಕೆ ಎಣಿಸಿದರು ಅಂತ ಅವತ್ತು ನನಗೆ ಗೊತ್ತಾಗಲಿಲ್ಲ. ಅಜ್ಜಿ ಆ ಸಾಬೂನನ್ನು ಕೊನೆಯವರೆಗೂ ಇಟ್ಟುಕೊಂಡಿದ್ದರು. ವಾಲ್ಪರೈಸೊದ ಚಳಿಯಲ್ಲಿ, ಎಲ್ಲಿಂದಲೋ ಬಂದ ಒಬ್ಬ ಆಯಿಲರ್ ಬೆರಳು ಮಡಿಚಿ "ಕರವಸ್ತ್ರ ಒಂದು" ಅಂದಾಗ ನನಗೆ ಕಂಡದ್ದು ಆ ಜಗಲಿ.

ಕಾರ್ಮೆಲಾ ಗ್ರಾವ್‌ಗೆ ಉತ್ತರ ಬರೆದು ಕೃತಜ್ಞತೆ ಹೇಳಿದಳು. ಆದರೆ ಗ್ರಾವ್ ಕೂಡ ಹೆಚ್ಚು ದಿನ ಉಳಿಯಲಿಲ್ಲ. ಅದೇ ವರ್ಷ ಅಕ್ಟೋಬರ್ 8ಕ್ಕೆ ಅಂಗಾಮೋಸ್ ಹತ್ತಿರ ಚಿಲಿಯ ಹಡಗುಗಳು ಹುವಾಸ್ಕರನ್ನು ಸುತ್ತುವರಿದವು. ಗ್ರಾವ್ ನಿಂತಿದ್ದ ಗೋಪುರಕ್ಕೇ ಗುಂಡು ಬಿತ್ತು. ಹುವಾಸ್ಕರ್ ಚಿಲಿಯವರ ಕೈಗೆ ಹೋಯಿತು. ಪೆರುವಿನಲ್ಲಿ ಅಕ್ಟೋಬರ್ 8 ರಾಷ್ಟ್ರೀಯ ರಜೆ. ಎರಡೂ ದೇಶಗಳು ದೊಡ್ಡ ದಿನ ಮಾಡಿಕೊಂಡದ್ದು ತಮ್ಮ ಕ್ಯಾಪ್ಟನ್ ಸತ್ತ ದಿನವನ್ನು. ಇದನ್ನು ನಾನು ಎಷ್ಟು ಸಲ ಯೋಚನೆ ಮಾಡಿದ್ದೇನೋ ಲೆಕ್ಕವಿಲ್ಲ.

ಆಯಿಲರ್ ಅವತ್ತು ಚಪ್ಪಾಳೆ ಹೊಡೆಯಲಿಲ್ಲ. ಮೆರವಣಿಗೆ ನೋಡುವಾಗ ಕೈ ಜೇಬಿನಲ್ಲೇ ಇತ್ತು. ಆದರೆ ಸ್ಮಾರಕಕ್ಕೆ ಹೂವಿನ ಚಕ್ರ ಇಡುವಾಗ ಟೋಪಿ ತೆಗೆದ. "ಪ್ರಾತ್‌ಗೆ ನಾವೂ ಟೋಪಿ ತೆಗೆಯುತ್ತೇವೆ. ಹುವಾಸ್ಕರ್ ಮಾತ್ರ ವಾಪಸು ಬೇಕು" ಅಂದ. ಅವನು ನಗಲಿಲ್ಲ, ನಾನೂ ನಗಲಿಲ್ಲ.

ನಾನು ಚಪ್ಪಾಳೆ ಹೊಡೆದೆ. ಕಹಳೆ ಹುಡುಗ ಹಾದು ಹೋಗುವಾಗ. ನೀವೂ ಮನಸ್ಸಿಗೆ ಬಂದಾಗ ಹೊಡೆಯಿರಿ, ಯಾರೂ ತಪ್ಪು ತಿಳಿಯುವುದಿಲ್ಲ. ರಾಷ್ಟ್ರಗೀತೆಗೆ ನೆಟ್ಟಗೆ ನಿಲ್ಲಿ. ಹೂ ಇಡುವಾಗ ಫೋನ್ ಕೆಳಗಿಡಿ. ಮಗನಿಗೆ ಸ್ಪ್ಯಾನಿಷ್ ಬರುತ್ತದಲ್ಲ, ಪಕ್ಕದಲ್ಲಿ ನಿಂತ ಹಿರಿಯರ ಹತ್ತಿರ ಮಾತಾಡಿಸಿ. ನೀವು ತಮಾಷೆ ನೋಡಲು ಬಂದವರಲ್ಲ ಅಂತ ಅವರಿಗೆ ಎರಡೇ ಪ್ರಶ್ನೆಯಲ್ಲಿ ಗೊತ್ತಾಗುತ್ತದೆ.

ಇನ್ನೊಂದು ವಿಷಯ ಮುಚ್ಚಿಡಬಾರದು. ಅಲ್ಲಿಯವರೇ ಎಲ್ಲರೂ ಚಪ್ಪಾಳೆ ಹೊಡೆಯುವುದಿಲ್ಲ. 1973ರ ಸೆಪ್ಟೆಂಬರ್ 11ರ ಸೇನಾ ದಂಗೆ ಶುರುವಾದದ್ದೇ ವಾಲ್ಪರೈಸೊದಲ್ಲಿ, ನೌಕಾಪಡೆ ಊರನ್ನು ಹಿಡಿದುಕೊಳ್ಳುವ ಮೂಲಕ. ಎಸ್ಮೆರಾಲ್ಡಾ ಎಂಬ ಹೆಸರಿನದೇ ಚಂದದ ಬಿಳಿ ಹಾಯಿಹಡಗು ಒಂದಿದೆ, ಕೆಡೆಟ್‌ಗಳ ತರಬೇತಿಗೆ. ದಂಗೆಯ ಹೊತ್ತಿಗೆ ಅದರಲ್ಲಿ ಜನರನ್ನು ಕೂಡಿಹಾಕಿ ಹಿಂಸೆ ಕೊಟ್ಟಿದ್ದರು. ಆಮೇಲೆ ಸರ್ಕಾರ ನೇಮಿಸಿದ ಆಯೋಗಗಳೇ ಇದನ್ನು ದಾಖಲು ಮಾಡಿವೆ. ಚೌಕದ ಮೂಲೆಯಲ್ಲಿ ಒಬ್ಬರು ಅಜ್ಜಿ ಸೊಪೈಪಿಯ ಕರಿಯುತ್ತಿದ್ದರು. ಸಿಹಿಗುಂಬಳ ಸೇರಿಸಿದ ಹಿಟ್ಟಿನ ರೊಟ್ಟಿ ಅದು, ಬಿಸಿಬಿಸಿ ತಿಂದರೆ ನಮ್ಮ ಬನ್ಸ್ ನೆನಪಾಗುತ್ತದೆ. ಬ್ಯಾಂಡ್ ಬಂದಾಗ ಎಲ್ಲರೂ ತಿರುಗಿದರು, ಅವರು ತಿರುಗಲಿಲ್ಲ. ಎಣ್ಣೆ ನೋಡುತ್ತಲೇ ಇದ್ದರು. ಕಾರಣ ನಾನು ಕೇಳಲಿಲ್ಲ, ಕೇಳುವುದು ಸರಿ ಅನಿಸಲಿಲ್ಲ. ಹಾಗೆ ಯಾರಾದರೂ ಕಂಡರೆ ನೀವೂ ಸುಮ್ಮನಿರಿ ಟೀಚರೇ.

ಹೋಗುವುದು ಸುಲಭ. ಸಾಂತಿಯಾಗೊದಿಂದ ಸುಮಾರು 120 ಕಿಲೋಮೀಟರ್, ಪಾಹಾರಿತೋಸ್ ನಿಲ್ದಾಣದಿಂದ ಬಸ್ಸುಗಳುಂಟು. ಒಂದೂವರೆ, ಎರಡು ಗಂಟೆ. ಸ್ವೆಟರ್ ಮೇಲೆ ಗಾಳಿ ತಡೆಯುವ ಕೋಟು ಬೇಕೇ ಬೇಕು. ಯಜಮಾನರಿಗೆ ತುಂಬ ಹೊತ್ತು ನಿಲ್ಲಲು ಆಗದಿದ್ದರೆ ಸೆರೊ ಆರ್ತಿಯೆರಿಯಾ ಗುಡ್ಡಕ್ಕೆ ಹೋಗಿ. ಅಲ್ಲಿಯ ಕಟ್ಟೆದಾರಿಯ ಹೆಸರೇ "ಮೇ 21". ಕೂತು ಇಡೀ ಬಂದರು ನೋಡಬಹುದು. ಪಕ್ಕದಲ್ಲೇ ಕಡಲ ಮ್ಯೂಸಿಯಂ, ಹಿಂದೆ ನೌಕಾ ಶಾಲೆಯಾಗಿದ್ದ ಕಟ್ಟಡದಲ್ಲಿ.

ದಿನ ಇದ್ದರೆ ದಕ್ಷಿಣಕ್ಕೆ ತಾಲ್ಕವಾನೊವರೆಗೂ ಹೋಗಿ ಬನ್ನಿ. ಹುವಾಸ್ಕರ್ ಅಲ್ಲಿ ನೀರಿನ ಮೇಲೇ ಇದೆ, ಮ್ಯೂಸಿಯಂ ಆಗಿ. ಒಂದೇ ಹಡಗಿನ ಮೇಲೆ ಪ್ರಾತ್‌ಗೂ ಗ್ರಾವ್‌ಗೂ ಗೌರವ. ನನಗೆ ಹೋಗಲು ಆಗಲಿಲ್ಲ, ಮಧ್ಯಾಹ್ನಕ್ಕೆ ಹಡಗಿಗೆ ವಾಪಸಾಗಬೇಕಿತ್ತು. ನೀವು ಹೋದರೆ ಹೇಗಿತ್ತು ಅಂತ ನನಗೆ ಬರೆಯಿರಿ.

ಪ್ರಶ್ನೆ: ಬೊಲಿವಿಯಾಕ್ಕೆ ಸಮುದ್ರವೇ ಇಲ್ಲ, ಆದರೂ ನೌಕಾಪಡೆ ಇದೆ ಅಂತ ಗೆಳೆಯ ಹೇಳುತ್ತಾನೆ. ನಿಜವಾ ಸರ್?
— ಕಾಲೇಜು ವಿದ್ಯಾರ್ಥಿ, ಮಂಗಳೂರು

ಉತ್ತರ: ನಿಜ ಮಾರಾಯ. ಮೇಲೆ ಹೇಳಿದ ಯುದ್ಧದಲ್ಲೇ ಅವರು ತಮ್ಮ ಕರಾವಳಿ ಕಳೆದುಕೊಂಡದ್ದು. ಈಗ ಅವರ ನೌಕಾಪಡೆ ಇರುವುದು ನದಿಗಳಲ್ಲಿ ಮತ್ತು ಟಿಟಿಕಾಕಾ ಸರೋವರದಲ್ಲಿ, ಸುಮಾರು 3,800 ಮೀಟರ್ ಎತ್ತರದಲ್ಲಿ. ಪ್ರತಿ ಮಾರ್ಚ್ 23ಕ್ಕೆ ಅವರು "ಕಡಲ ದಿನ" ಆಚರಿಸುತ್ತಾರೆ. 1879ರ ಅದೇ ದಿನ ಚಿಲಿ ಸೈನ್ಯವನ್ನು ತಡೆಯಲು ಹೋಗಿ ಸತ್ತ ಎದುವಾರ್ದೊ ಅಬಾರೊವಾ ಎಂಬುವನ ನೆನಪಿಗೆ. ಕಡಲಿಗೆ ದಾರಿ ಕೊಡುವ ಬಗ್ಗೆ ಚಿಲಿ ಮಾತುಕತೆಗೆ ಬರಬೇಕು ಎಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೂ ಹೋಗಿದ್ದರು. 2018ರ ಅಕ್ಟೋಬರ್ 1ಕ್ಕೆ ತೀರ್ಪು ಅವರ ವಿರುದ್ಧ ಬಂತು. ನೀನು ಸಂಜೆ ಪಣಂಬೂರಿಗೋ ತಣ್ಣೀರುಬಾವಿಗೋ ಬೈಕ್ ಹತ್ತಿ ಹೋಗಿ ಕೂರುತ್ತೀಯಲ್ಲ, ಅಷ್ಟಕ್ಕಾಗಿ ಒಂದು ದೇಶ 140 ವರ್ಷದಿಂದ ಆಸೆ ಬಿಡದೆ ಕಾಯುತ್ತಿದೆ.

ಪ್ರಶ್ನೆ: ನಮ್ಮ ನೌಕಾ ದಿನಕ್ಕೆ ರಜೆ ಇಲ್ಲ, ಮಕ್ಕಳಿಗೆ ಅದು ಗೊತ್ತೂ ಇಲ್ಲ. ಉಡುಪಿ ಕಡೆಯಿಂದ ಕರೆದುಕೊಂಡು ಹೋಗಿ ಏನಾದರೂ ತೋರಿಸಬಹುದಾ?
— ಇಬ್ಬರು ಮಕ್ಕಳ ತಾಯಿ, ಮಲ್ಪೆ

ಉತ್ತರ: ತೋರಿಸಬಹುದು ತಂಗಿ. ನಮ್ಮದು ಡಿಸೆಂಬರ್ 4. 1971ರ ಅದೇ ದಿನ ರಾತ್ರಿ ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ಪುಟ್ಟ ಕ್ಷಿಪಣಿ ದೋಣಿಗಳು ಕರಾಚಿ ಹತ್ತಿರ ಹೋಗಿ ದಾಳಿ ಮಾಡಿದವು. ದೂರ ಹೋಗಿ ಬರಲು ಬೇಕಾದಷ್ಟು ಎಣ್ಣೆ ಅವುಗಳಲ್ಲಿ ಹಿಡಿಸುತ್ತಿರಲಿಲ್ಲ. ರಷ್ಯಾದಲ್ಲಿ ಕಟ್ಟಿದ ಓಸಾ ಜಾತಿಯ ದೋಣಿಗಳು ಅವು. ಅದೇ ಜಾತಿಯ ಇನ್ನೊಂದು ದೋಣಿ, ಐಎನ್‌ಎಸ್ ಚಪಲ್, ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಮ್ಯೂಸಿಯಂ ಆಗಿ ನಿಂತಿದೆ. ಉಡುಪಿಯಿಂದ ರೈಲಿನಲ್ಲೇ ಹೋಗಬಹುದು. ಮಲ್ಪೆಯ ಮಕ್ಕಳು ದೊಡ್ಡ ಪರ್ಸೀನ್ ಬೋಟ್ ನೋಡಿ ಬೆಳೆದವರು. ಅದರ ಪಕ್ಕ ಇದನ್ನಿಟ್ಟು ಅಳತೆ ಮಾಡಿಸಿ. ಇಷ್ಟು ಚಿಕ್ಕದರಲ್ಲಿ ಜನ ಯುದ್ಧಕ್ಕೆ ಹೋಗಿದ್ದರಾ ಅಂತ ಅವರೇ ಕೇಳುತ್ತಾರೆ.

ಆಗ ಖುಕ್ರಿಯ ಕಥೆಯನ್ನೂ ಹೇಳಿ. ಗೆದ್ದದ್ದನ್ನು ಮಾತ್ರ ಹೇಳಿದರೆ ಅರ್ಧ ಹೇಳಿದ ಹಾಗೆ. ಐದು ದಿನ ಬಿಟ್ಟು, ಡಿಸೆಂಬರ್ 9ರ ರಾತ್ರಿ, ದಿಯು ಹತ್ತಿರ ಪಾಕಿಸ್ತಾನದ ಜಲಾಂತರ್ಗಾಮಿಯ ಟಾರ್ಪೆಡೊ ತಾಗಿ ಐಎನ್‌ಎಸ್ ಖುಕ್ರಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಸತ್ತರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗು ಬಿಡಲಿಲ್ಲ, ಅದರ ಜೊತೆಯೇ ಹೋದರು. ದಿಯುವಿನಲ್ಲಿ ಕಡಲಿನ ಎದುರು ಒಂದು ದಿಬ್ಬದ ಮೇಲೆ ಅವರ ಸ್ಮಾರಕ ಉಂಟು, ಗಾಜಿನ ಪೆಟ್ಟಿಗೆಯೊಳಗೆ ಖುಕ್ರಿಯ ಚಿಕ್ಕ ಮಾದರಿ.

ಕಾರವಾರಕ್ಕೆ ಡಿಸೆಂಬರ್‌ನಲ್ಲೇ ಹೋಗಿ, ಬೆಳಿಗ್ಗೆ. ಏಪ್ರಿಲ್, ಮೇ ರಜೆಯಲ್ಲಿ ಬೇಡ. ಬಿಸಿಲಿಗೆ ಕಬ್ಬಿಣ ಕಾಯುತ್ತದೆ, ಮಕ್ಕಳಿಗೆ ಕೈ ಇಟ್ಟು ನೋಡಲು ಆಗುವುದಿಲ್ಲ.